ನನ್ನ ಕೈ ನೋಡುತ್ತಿದ್ದ ನಾಯಿ

ನನ್ನ ತಂಗಿ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಅದರ ತಪ್ಪನ್ನು ನಮ್ಮ ನಾಯಿಯ ತಲೆಗೆ ಕಟ್ಟಿದೆ.

ತಂಗಿಗೆ ಕಿವಿ ಕೇಳುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಬಂದ ಜ್ವರ ಎರಡೂ ಕಿವಿಗಳನ್ನು ಒಯ್ದಿತು. ಅಷ್ಟರೊಳಗೆ ಮಾತು ಕಲಿತಿದ್ದರಿಂದ ಮಾತು ಉಳಿಯಿತು. ಎದುರಿನವರ ತುಟಿ, ಮುಖ, ಕೈ ನೋಡಿ ಏನು ಹೇಳುತ್ತಿದ್ದಾರೆಂದು ತಿಳಿಯುತ್ತಾಳೆ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಈಗ ಸಿಂದಗಿಯಿಂದ ದೇವರ ಹಿಪ್ಪರಗಿಗೆ ಟಂಟಂ ಆಟೋ ಓಡಿಸುತ್ತೇನೆ. ಅವಳು ಹತ್ತನೆಯದನ್ನು ಮುಗಿಸಿದಳು, ಹೊಲಿಗೆ ಕಲಿತಳು. ಮದುವೆಯಾದ ಮೇಲೆ ಹಿಪ್ಪರಗಿಯಲ್ಲಿ ಮನೆ ಮಾಡಿ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡಳು. ಸಂತೆಗೆ ಬಂದ ಹೆಂಗಸರು ಕುಪ್ಪಸದ ಬಟ್ಟೆ ಕೊಟ್ಟು, ಮುಂದಿನ ಸಂತೆಗೆ ಹೊಲಿದದ್ದನ್ನು ಒಯ್ಯುತ್ತಿದ್ದರು. ಅವಳ ಗಂಡ ಲಾರಿ ಡ್ರೈವರ್, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ.

ಅವಳು ಮೊದಲ ಹೆರಿಗೆಗೆಂದು ಸಿಂದಗಿಗೆ, ನಮ್ಮ ಮನೆಗೆ ಬಂದಳು. ಆಲಮೇಲದಿಂದ ಅವಳ ಅತ್ತೆ ನೋಡಲು ಬಂದವರು ಅಂದೇ ಹೇಳಿಬಿಟ್ಟರು: ಬಾಣಂತನ ಮುಗಿದ ಮೇಲೆ ಸೊಸೆ ಕೂಸಿನ ಜೊತೆ ಆಲಮೇಲಕ್ಕೇ ಬರಬೇಕು, ಹಿಪ್ಪರಗಿಗೆ ಹೋಗುವಂತಿಲ್ಲ.

"ಕೂಸು ಅತ್ತರ ಇಕಿಗೆ ಕೇಳಂಗಿಲ್ಲ. ಒಬ್ಬಾಕಿ ಇರೂ ಮನ್ಯಾಗ ಹ್ಯಾಂಗ ಬಿಡೂದ್ರಿ?"

ಅವ್ವ ತಲೆ ತಗ್ಗಿಸಿದಳು. ಅತ್ತೆಯ ತುಟಿಯನ್ನೇ ನೋಡುತ್ತಿದ್ದ ತಂಗಿ, "ನಾಯಿ ಹೇಳ್ತೈತ್ರಿ ಅತ್ತಿ" ಎಂದಳು.

"ಯಾವ ನಾಯಿ?"

"ಇದ."

ಹೊಸ್ತಿಲಲ್ಲಿ ಮಲಗಿದ್ದ ನಮ್ಮ ನಾಯಿ ಕಣ್ಣು ತೆರೆದು ನೋಡಿತು. ಬಸ್‌ಸ್ಟ್ಯಾಂಡಿನ ಹಿಂದೆ ಮರಿಯಾಗಿ ಸಿಕ್ಕಿದ್ದು. ಯಾವ ಜಾತಿಯದೂ ಅಲ್ಲ.

"ರೊಟ್ಟಿ ಬಡಿಯೂ ಸಪ್ಪಳಕ್ಕ ಓಡಿ ಬರೂ ನಾಯಿ, ಕೂಸು ನೋಡ್ತೈತಂತ! ಮುಂದ ತೊಟ್ಟಲಾನೂ ತೂಗ್ತೈತೇನ?" ಅತ್ತೆ ನಕ್ಕುಬಿಟ್ಟರು.

"ರೊಟ್ಟಿ ಸಪ್ಪಳ ತಿಳಿತೈತಲ್ರಿ, ಹಂಗ ಅಳೂ ಸಪ್ಪಳಾನೂ ತಿಳಿತೈತಿ."

ಕಿವಿ ಕೇಳದವರಿಗೆ ನಾಯಿಗಳು ಹೀಗೆ ನೆರವಾಗುವುದನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳು. ದನದ ದವಾಖಾನೆಯ ಡಾಕ್ಟರನ್ನು ಕೇಳಿ ಕ್ರಮ ತಿಳಿದುಕೊಂಡಳು. ಒಳಗಿನ ಕೋಣೆಯಲ್ಲಿ ಮೊಬೈಲಿನಿಂದ ಮಗು ಅಳುವ ಸಪ್ಪಳ ಹಚ್ಚಬೇಕು. ನಾಯಿ ಎದ್ದು ಅವಳ ಹತ್ತಿರ ಹೋಗಿ ಮೊಣಕಾಲಿನ ಮೇಲೆ ಕಾಲಿಡಬೇಕು. ಇಟ್ಟರೆ ರೊಟ್ಟಿಯ ಚೂರು. ಡಾಕ್ಟರು ನನ್ನ ಕಡೆ ತಿರುಗಿ ಎರಡೆರಡು ಸಲ ಹೇಳಿದರು: "ನೀ ಬಾಯಿ ಬಿಡಬ್ಯಾಡ, ಕೈ ತೋರಸಬ್ಯಾಡ. ತಡಾ ಆದರೂ ಆಗಲಿ. ಸಪ್ಪಳ ಒಂದ ಅದಕ್ಕ ಹೇಳಬೇಕು."

ಸಪ್ಪಳ ಹಚ್ಚುವುದೇ ನನ್ನ ಕೆಲಸ. ದಿನಕ್ಕೆ ಇಪ್ಪತ್ತು ಸಲ. ತಂಗಿಗೆ ಅದು ಕೇಳುತ್ತಿರಲಿಲ್ಲವಾದ್ದರಿಂದ ನನ್ನನ್ನು ನಂಬಿದ್ದಳು.

ಒಂದು ವಾರ ನೆಟ್ಟಗೆ ಮಾಡಿದೆ. ಆಮೇಲೆ ಬೇಸರ ಬಂತು. ನಾನು ಸಪ್ಪಳ ಹಚ್ಚಿದರೆ ನಾಯಿ ಕೆರೆದುಕೊಳ್ಳುವುದು, ಆಕಳಿಸುವುದು. ಹೊರಗೆ ಟಂಟಂನಲ್ಲಿ ಮಂದಿ ಕುಳಿತು "ಏ, ಬರ್ತೀಯೋ ಇಲ್ಲೋ?" ಎಂದು ಕೂಗುವುದು. ಒಂದು ದಿನ ತಾಳ್ಮೆ ಕೆಟ್ಟು ತಂಗಿಯ ಕಡೆ ಕೈ ಮಾಡಿದೆ. ನಾಯಿ ಓಡಿತು! ಅವಳ ಮುಖ ಅರಳಿತು. ಮರುದಿನವೂ ಕೈ ಮಾಡಿದೆ. ಹದಿನೈದು ದಿನಕ್ಕೆ ಬೆರಳು ಅಲುಗಿಸಿದರೆ ಸಾಕಾಯಿತು. ಎಷ್ಟೋ ಸಲ ಸಪ್ಪಳ ಹಚ್ಚುವುದನ್ನೇ ಬಿಟ್ಟೆ.

"ಕಲೀತ ತಂಗಿ, ಪೂರಾ ಕಲೀತ" ಎಂದೆ.

ಹೆರಿಗೆಯಾಯಿತು, ಹೆಣ್ಣುಮಗು. ಐದು ತಿಂಗಳ ಬಾಣಂತನದಲ್ಲಿ ಕೂಸು ಅತ್ತರೆ ಅವ್ವನೇ ಎತ್ತಿಕೊಳ್ಳುತ್ತಿದ್ದಳು. ನಾಯಿಯ ಸಂಗತಿ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಅತ್ತೆ ಪರೀಕ್ಷೆ ಮಾಡಲು ಬಂದರು. ಕೂಸು ಅತ್ತಿತು. ನಾನು ಬಾಗಿಲ ಸಂದಿಯಲ್ಲಿ ನಿಂತು ಬೆರಳು ಅಲುಗಿಸಿದೆ. ನಾಯಿ ಓಡಿ ಹೋಗಿ ತಂಗಿಯ ಮೊಣಕಾಲಿಗೆ ಕಾಲಿಟ್ಟಿತು. ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಹೋಗವ್ವಾ, ನಿನ್ನ ಮನಿಗೆ ನೀ ಹೋಗು" ಎಂದರು. ತಂಗಿ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅದೇ ಕೈ.

ತೊಟ್ಟಿಲು, ಕೂಸು, ನಾಯಿ ಸಮೇತ ಅವಳನ್ನು ಹಿಪ್ಪರಗಿಗೆ ಬಿಟ್ಟು ಬಂದೆ. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದಾಗ ತೊಟ್ಟಿಲಲ್ಲಿ ಕೂಸು ಮಗುಚಿಕೊಂಡಿತು. ಕಂಬಿಗಳ ನಡುವೆ ತೋಳು ಸಿಕ್ಕಿಕೊಂಡಿತು. ಅತ್ತಿತು, ಚೀರಿತು. ಪಕ್ಕದ ಮನೆಯ ಹೆಂಗಸು ಓಡಿ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಎಷ್ಟು ಬಡಿದರೂ ತಂಗಿಗೆ ಹೇಗೆ ತಿಳಿಯಬೇಕು? ಕೊನೆಗೆ ಕಿಟಕಿಯಿಂದ ಚಪ್ಪಲಿ ಎಸೆದಾಗ ಅದು ಮಷೀನಿನ ಮೇಲೆ ಬಿದ್ದು ಅವಳು ತಿರುಗಿ ನೋಡಿದಳು. ಅಷ್ಟು ಹೊತ್ತೂ ನಾಯಿ ಬಾಗಿಲ ಸಂದಿಯನ್ನೇ ನೋಡುತ್ತಾ ಕುಳಿತಿತ್ತಂತೆ.

ನಾನು ಹೋಗುವಷ್ಟರಲ್ಲಿ ಮನೆ ತುಂಬ ಮಂದಿ. ಕೂಸಿನ ತೋಳು ಕೆಂಪಗೆ ಬಾತಿತ್ತು. ಅತ್ತೆಯೂ ಬಂದಿದ್ದರು. ಎಲ್ಲರಿಗಿಂತ ಮೊದಲು ನಾನೇ ಹೇಳಿದೆ, "ಈ ನಾಯಿಗೆ ತೆಲಿನ ಇಲ್ಲ." ಅದು ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಕೈ ನೆಕ್ಕಿತು. ಕೈ ಹಿಂದೆಳೆದುಕೊಂಡೆ.

ಸಂಜೆಯೊಳಗೆ ಮನೆಗೆ ಬೀಗ ಬಿತ್ತು, ಮಷೀನಿಗೆ ಹೊದಿಕೆ ಬಿತ್ತು. ಆಲಮೇಲದಲ್ಲಿ ಕೂಸು ಅಜ್ಜಿಯ ಪಕ್ಕದಲ್ಲೇ ಮಲಗತೊಡಗಿತು. ಹಾಲು ಕುಡಿಸುವಷ್ಟು ಹೊತ್ತು ಮಾತ್ರ ತಂಗಿಯ ಮಡಿಲು. ಅವಳು ಹಟ ಹಿಡಿದದ್ದು ಒಂದಕ್ಕೇ: ನಾಯಿಯೂ ತನ್ನ ಜೊತೆ ಬರಬೇಕು.

ತಿಂಗಳ ಮೇಲೆ ನೋಡಿಕೊಂಡು ಬರಲು ಹೋದೆ. ಅಂಗಳದಲ್ಲಿ ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು.

"ಥಂಡಿ ಏನ್ರಿ?" ಎಂದೆ.

"ಎಲ್ಲೀ ಥಂಡಿ! ನಿನ್ನ ತಂಗಿ ಹುಕುಂ. ನಾಯಿ ಮುಂದ ಯಾರೂ ಕೈ ತಗೀಬಾರದಂತ. ನಮ್ಮ ಮನ್ಯಾಗ ನಾ ಕಳ್ಳಿ ಹಂಗ ನಿಂದ್ರಬೇಕಾಗೈತಿ ನೋಡಪಾ."

ತಂಗಿಗೆ ಗೊತ್ತಾಗಿತ್ತು. ಕೈ ನೋಡಿಯೇ ಮಾತು ತಿಳಿಯುವವಳಿಗೆ ನಾಯಿ ಏನು ನೋಡುತ್ತಿದೆ ಎಂಬುದು ಎಷ್ಟು ದಿನ ಮುಚ್ಚಿರಬೇಕು? ಆದರೂ ನನಗೆ ಒಂದು ಮಾತೂ ಅನ್ನಲಿಲ್ಲ. ಚಹಾ ಮಾಡಿ ಕೊಟ್ಟಳು.

ಅವಳು ಮಾಡುತ್ತಿದ್ದುದನ್ನು ನೋಡಿ ದಂಗಾದೆ. ಕೂಸಿನ ಅಳುವನ್ನೇ ಮೊಬೈಲಿನ ಅಲಾರಾಮಿಗೆ ಹಾಕಿದ್ದಳು. ಹೊತ್ತು ಗೊತ್ತುಮಾಡಿ ಮೊಬೈಲನ್ನು ಒಮ್ಮೆ ಅಡುಗೆಮನೆಯಲ್ಲಿ, ಒಮ್ಮೆ ಹಿತ್ತಲಲ್ಲಿ ಇಟ್ಟು, ತಾನು ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ತೊಗರಿ ಹಸನು ಮಾಡುತ್ತಾ ಕೂರುತ್ತಿದ್ದಳು. ಕಣ್ಣು ಕೈಗಡಿಯಾರದ ಮೇಲೆ. ಆ ನಿಮಿಷಕ್ಕೆ ಸರಿಯಾಗಿ ನಾಯಿ ಬಂದು ಕಾಲಿಟ್ಟರೆ ರೊಟ್ಟಿ ಚೂರು. ಬೇರೆ ಹೊತ್ತಿಗೆ ಬಂದರೆ ತಿರುಗಿಯೂ ನೋಡಳು. ತನಗೆ ಕೇಳದ ಸಪ್ಪಳವನ್ನು ಯಾರ ಹಂಗೂ ಇಲ್ಲದೆ ನಾಯಿಗೆ ಕಲಿಸುತ್ತಿದ್ದಳು. ನಾನಿದ್ದ ಒಂದು ಮಧ್ಯಾಹ್ನದಲ್ಲೇ ನಾಯಿ ಆರು ಸಲ ತಪ್ಪಿತು. ಅವಳ ಮುಖ ಗಂಟಿಕ್ಕಲಿಲ್ಲ. ಏಳನೆಯ ಸಲ ಮೊಬೈಲು ಇಟ್ಟು ಬಂದು ಮತ್ತೆ ಗೋಡೆಗೆ ಮುಖ ಮಾಡಿ ಕುಳಿತಳು.

ಹೀಗೆ ಮೂರು ತಿಂಗಳು. ಒಂದು ದಿನ ಕೂಸು ಒಳಗೆ ಮಲಗಿತ್ತು, ತಂಗಿ ಹಿತ್ತಲಾಚೆ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಬೇಕೆಂದೇ ನಾಯಿಯ ಮುಂದೆ ರೊಟ್ಟಿ ಹಿಡಿದು ಕುಳಿತಿದ್ದರಂತೆ. ಕೂಸು ಕುಂಯ್ ಎಂದಿತು, ಅಷ್ಟೆ. ನಾಯಿ ರೊಟ್ಟಿ ಬಿಟ್ಟು, ಅತ್ತೆಯ ತೊಡೆ ದಾಟಿ, ಹಿತ್ತಲಿಗೆ ಓಡಿ ತಂಗಿಯ ಒದ್ದೆ ಸೀರೆಯ ಮೇಲೆಯೇ ಕಾಲಿಟ್ಟಿತು. ಇದನ್ನು ನನಗೆ ಹೇಳಿದವರು ಅತ್ತೆಯೇ. "ನನ್ನ ರೊಟ್ಟಿನ ಬ್ಯಾಡಾತಪಾ ಅದಕ್ಕ. ನಿನ್ನ ತಂಗಿ ಮುಂದ ನಾ ಸೋತೆ. ಗಾಡಿ ತಗೊಂಡ ಬಾ."

ಮತ್ತೆ ಅದೇ ಟಂಟಂನಲ್ಲಿ ಅದೇ ತೊಟ್ಟಿಲು ಏರಿಸಿಕೊಂಡು ಹಿಪ್ಪರಗಿಗೆ ಬಂದೆವು. ತಂಗಿ ಬೀಗ ತೆಗೆದು ಮಷೀನಿನ ಹೊದಿಕೆ ಝಾಡಿಸಿದಳು. ಪಕ್ಕದ ಮನೆಯ ಹೆಂಗಸು ಕೂಸಿನ ಗಲ್ಲ ಹಿಂಡಿದವರು ನಾಯಿಯನ್ನು ಕಂಡು ಮುಖ ಕಿವುಚಿದರು. "ಅಯ್ಯ, ಈ ಹುಚ್ಚ ನಾಯಿನ್ನ ಮತ್ಯಾಕ ತಂದ್ಯ ಯವ್ವಾ? ಅವತ್ತ ಕೂಸಿನ ಜೀವಾನ ತಗೀತಿತ್ತು."

ತಂಗಿ ಆ ತುಟಿಗಳನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ, ಬಗ್ಗಿ ನಾಯಿಯ ಬೆನ್ನು ಸವರತೊಡಗಿದಳು. ಅವಳು ಬೈದಿದ್ದರೆ ನಾನು ಆ ದಿನವೂ ಸುಮ್ಮನೆ ಇರುತ್ತಿದ್ದೆನೇನೋ. ತೊಟ್ಟಿಲನ್ನು ನೆಲಕ್ಕಿಟ್ಟೆ. ಅವಳ ಭುಜ ಮುಟ್ಟಿ, ನನ್ನ ಮುಖ ಕಾಣುವಂತೆ ಎದುರಿಗೆ ಕುಳಿತೆ. ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ನಾಯಿದು ತಪ್ಪಿಲ್ಲ, ತಪ್ಪು ನಂದು. ಸಪ್ಪಳ ಹಚ್ಚಂತ ನೀ ಅಂದಿ, ನಾ ಕೈ ಮಾಡಿ ಓಡಿಸಿದೆ. ಕಲೀತಂತ ನಿನಗ ಸುಳ್ಳ ಹೇಳಿದೆ. ಕೂಸಿಗೆ ನೋವಾದಾಗ ನಾಯಿ ಮ್ಯಾಲ ಹಾಕಿದೆ. ತಪ್ಪಾತು ತಂಗಿ. ನನ್ನ ಕ್ಷಮಿಸವ್ವಾ."