ಹನ್ನೊಂದು ಒಂದುಗಳು

“ಅಕ್ಕಾ, ಯಾರ್ಡಿನ್ಯಾಗ ದಿನಾ ಇನ್ನೂರು ವ್ಯಾಗನ್ ನಂಬರ ಬರಕೋತೀನಿ. ಬರದು ಬರದು, ಯಾವುದು ಎದರಿಂದ ಶೇಷ ಉಳೀದಂಗ ಒಡೀತದ ಅಂತ ತಲಿಯೊಳಗ ತಾನ ಬರ್ತದ. ಹೆಚ್ಚಿನವು ಎರಡಕ್ಕೋ ಮೂರಕ್ಕೋ ಒಡದು ಹೋಗ್ತಾವ. ಎರಡು ಸಲ ಒಂದು ಬರದರ ಹನ್ನೊಂದು, ಅದು ಒಡೆಯಂಗಿಲ್ಲ. ಮೂರು ಸಲದಿಂದ ಹತ್ತು ಸಲದ ತನಕಾ ಬರದು ನೋಡೀನಿ, ಎಲ್ಲಾ ಒಡೀತಾವ. ಹನ್ನೊಂದು ಸಲ ಬರದರ? ಅದನ್ನ ಒಡೆಯೋದು ಏನರೆ ಇದ್ದರ ಒಂದು ಲಕ್ಷದ ಐದೂವರಿ ಸಾವಿರದೊಳಗ ಸಿಗಬೇಕು. ಸಿಗಲಿಲ್ಲಂದ್ರ ಅವಿಭಾಜ್ಯ. ಅವಿಭಾಜ್ಯಗಳಿಂದಷ್ಟ ಭಾಗಿಸಿದರ ಸಾಕು, ದಿನಕ್ಕ ಎರಡು ಭಾಗಾಕಾರ ಮಾಡಿದರ ಪೆನ್ಶನ್ ಹೊತ್ತಿಗೆ ಮುಗೀತದ.”

ನನ್ನ ತಮ್ಮ ಹಯವದನ ಹೀಗೆಂದದ್ದು ೧೯೬೨ರಲ್ಲಿ. ಅವನು ಬರೋಡಾದ ಗೂಡ್ಸ್ ಯಾರ್ಡಿನಲ್ಲಿ ನಂಬರ್ ಟೇಕರ್. ಮದುವೆಯಾಗಿರಲಿಲ್ಲ. ಗಂಡ ತೀರಿದ ಮೇಲೆ ನಾನು ಧಾರವಾಡದಿಂದ ಅವನ ಕ್ವಾರ್ಟರ್ಸಿಗೆ ಬಂದಿದ್ದೆ. ನನ್ನ ಓದು ನಾಲ್ಕನೆಯ ಇಯತ್ತೆಗೇ ನಿಂತದ್ದು.

ಎರಡು ವರ್ಷಕ್ಕೆ ಅವನ ನೋಟ ಬದಿಗಳಿಂದ ಮುಚ್ಚುತ್ತ ಬಂತು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೋಗಬಹುದು ಎಂದರು ಡಾಕ್ಟರು. “ಪೂರಾ ಹೋಗೋದ್ರೊಳಗ ಇದೊಂದು ತಿಳದರ ಸಾಕು,” ಎಂದು ಅವನು ಡ್ಯೂಟಿ ಮುಗಿಸಿ ಬಂದು ಕಿಟಕಿಯ ಬೆಳಕಿಗೆ ಲೆಕ್ಕದ ವಹಿ ಹಿಡಿಯುತ್ತಿದ್ದ. ೧೯೬೬ರ ಬೇಸಿಗೆಯಲ್ಲಿ ಹತ್ತೊಂಬತ್ತು ಸಾವಿರದವರೆಗಿನ ಸಂಖ್ಯೆಗಳನ್ನು ದಾಟಿದ್ದ. ಅಷ್ಟಕ್ಕೆ ಕಣ್ಣು ಪೂರಾ ಹೋದವು.

ಆ ವರ್ಷ ರಾಯರ ಆರಾಧನೆಯ ಊಟಕ್ಕೆ ಬರೋಡಾದ್ದೇ ಅಲ್ಕಾಪುರಿ ಬಡಾವಣೆಯ ಸತ್ಯಪ್ರಕಾಶರು ಬಂದರು. ಮೂಲ ಹುಬ್ಬಳ್ಳಿಯವರು, ಇಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುವವರು. ಎಲೆ ಹಾಕುವ ಮೊದಲು ವಹಿಗಳನ್ನು ತಿರುವಿ ನೋಡಿದರು.

“ಹಯವದನರಾಯರ, ಎಲ್ಲಾ ಅವಿಭಾಜ್ಯದಿಂದನೂ ಭಾಗಿಸೀರಿ?”

“ಒಂದೂ ಬಿಟ್ಟಿಲ್ಲ,” ಎಂದ ತಮ್ಮ, ಹೆಮ್ಮೆಯಿಂದಲೇ.

ಅವರು ವಹಿ ಮುಚ್ಚಿದರು. “ಇಪ್ಪತ್ತೆರಡರಿಂದ ಭಾಗಿಸಿದರ ಒಂದು ಉಳಿಯೋ ಸಂಖ್ಯಾನೇ ಇದನ್ನ ಒಡೀಬಹುದು. ಬ್ಯಾರೆ ಯಾವುದೂ ಒಡೆಯಂಗಿಲ್ಲ. ಹತ್ತರಾಗ ಒಂಬತ್ತು ನೀವು ಮಾಡೋದೇ ಬೇಕಾಗಿರಲಿಲ್ಲ.”

“ಅಂದ್ರ ನಾ ಮಾಡಿದ್ದು ಎಷ್ಟು ತಿಂಗಳದ ಕೆಲಸ?”

“ನಾಕು.”

ತಮ್ಮ ಗೋಡೆಯ ಕಡೆ ಮುಖ ಮಾಡಿ ಕೂತ. ಆಮೇಲೆ, “ಅಕ್ಕಾ, ಮಾಸ್ತರಿಗೆ ಎಲಿ ಹಾಕು, ಹುಳಿ ಆರಿ ಹೋಗ್ತದ,” ಎಂದ.

ಸತ್ಯಪ್ರಕಾಶರು ಇನ್ನುಳಿದದ್ದರಲ್ಲಿ ಬೇಕಾದ ಸಂಖ್ಯೆಗಳನ್ನಷ್ಟೇ ಬರೆದುಕೊಟ್ಟರು. ದಿನಕ್ಕೊಂದರಂತೆ ನಾನು ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತ ಪಾಟಿಯ ಮೇಲೆ ಭಾಗಿಸುತ್ತಿದ್ದೆ. ಅವನು ಕೇಳಿ ತಿದ್ದುತ್ತಿದ್ದ. ತಿಂಗಳು ತುಂಬುವ ಹೊತ್ತಿಗೆ ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರ ಸರದಿ ಬಂತು. ಕಳೆದು ನೋಡಿದರೆ ಕೆಳಗೆ ಏನೂ ಇಲ್ಲ. ಅಳಿಸಿ ಮತ್ತೆ ಮಾಡಿದೆ.

“ಎರಡನೇ ಸಲ ಯಾಕ ಮಾಡಲಿಕ್ಕೆ ಹತ್ತೀ? ಏನೂ ಉಳೀಲಿಲ್ಲೇನು?”

“ಇಲ್ಲಪಾ.”

“ಭಾಗಲಬ್ಧ ಹೇಳು.”

“ಐದು ಲಕ್ಷದ ಹದಿಮೂರು ಸಾವಿರದ ಎರಡುನೂರಾ ಮೂವತ್ತೊಂಬತ್ತು.”

ತುಟಿ ಅಲುಗಾಡಿಸುತ್ತ ಬಹಳ ಹೊತ್ತು ಮನಸ್ಸಿನಲ್ಲೇ ಗುಣಿಸಿದ. “ಬರೋಬರಿ ಅದ. ಒಡೀತು.” ಮತ್ತೆ ಮೆಲ್ಲಗೆ, “ಮೊದಲ ಯಾರರೆ ಹೇಳಿದ್ದರ ನನ್ನ ಕಣ್ಣಲೇ ನೋಡ್ತಿದ್ದೆ, ಅಕ್ಕಾ,” ಎಂದ.

ಬೇರೆ ಸಂಖ್ಯೆ ಹಿಡಿಯೋಣವೇ ಎಂದು ಕೇಳಿದರೆ ಬೇಡವೆಂದು ಕೈಯಾಡಿಸಿಬಿಟ್ಟ.

ಮರುದಿನ ಅದೇ ಹೊತ್ತಿಗೆ ಬಂದು ಅದೇ ಜಾಗದಲ್ಲಿ ಕೂತ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಮೊರದಲ್ಲಿ ಶೇಂಗಾ ಸುರಿದು ಅವನ ಮುಂದಿಟ್ಟೆ. ನಾನೂ ಎದುರಿಗೆ ಕೂತೆ. ಕತ್ತಲಾಗುವ ತನಕ ಸುಲಿದೆವು, ಸಿಪ್ಪೆ ಅತ್ತ, ಕಾಳು ಇತ್ತ.