ತೀರ್ಥವಾಗದೆ ತಿಂಡಿಯಿಲ್ಲ: ವರ್ತಕ ನಗರದ ಮನೆಯ ಒಂದು ಭಾನುವಾರದ ಬಗ್ಗೆ

ಮಾನ್ಯ ಓದುಗರಲ್ಲಿ ಮೊದಲಿಗೆ ಒಂದು ವಿನಂತಿ. ನನ್ನ ಕೈಬರಹ ಅಂದವಾಗಿಲ್ಲ. ಕಾಗುಣಿತದಲ್ಲಿಯೂ ತಪ್ಪುಗಳಿರುವ ಸಂಭವವಿದೆ. ದಯವಿಟ್ಟು ಕ್ಷಮಿಸಬೇಕು. ಕನ್ನಡ ಶಾಲೆ ಬಿಟ್ಟ ಮೇಲೆ ನಾನು ಬರೆದ ಕನ್ನಡವೆಂದರೆ ಥಾಣೆಯ ನಮ್ಮ ಕನ್ನಡ ಸಂಘದ ಸಭೆಯ ಸೂಚನೆಗಳು ಮತ್ತು ಹಾಲ್ ಕೊಡಿಸಬೇಕೆಂಬ ಅರ್ಜಿಗಳು ಮಾತ್ರ. ಬೇರೆ ರೀತಿಯಲ್ಲಿ ಬರೆಯಲು ತಿಳಿಯದ ಕಾರಣ ಮನೆಯ ಸಂಗತಿಯನ್ನೂ ಅದೇ ಕ್ರಮದಲ್ಲಿ ನಿವೇದಿಸುತ್ತಿದ್ದೇನೆ.

ಸದರಿ ಸಂಗತಿ ನಡೆದದ್ದು ಥಾಣೆಯ ವರ್ತಕ ನಗರದಲ್ಲಿ, ಸೀವುಡ್ಸ್ ಸ್ಟೇಷನ್ನಿನ ಮೇಲೆ ದೊಡ್ಡ ಮಾಲ್ ಏಳುವುದಕ್ಕೆ ಕೆಲವು ವರ್ಷ ಮೊದಲು. ಮನೆಯೆಂದರೆ ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ವಾಸವಿದ್ದವರು ಮಾವ, ನನ್ನ ಪತಿ, ಶಾಲೆಗೆ ಹೋಗುವ ಮಗಳು ಮತ್ತು ಘಣಸೋಲಿಯ ಆಫೀಸಿನಲ್ಲಿ ಕೆಲಸಕ್ಕಿದ್ದ ನಾನು. ಮನೆಯೊಳಗೆ ನಾವು ಹಿರಿಯರು ಆಡುವುದು ತುಳು. ಇಲ್ಲಿ ಮಾತುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ.

ಮಾವ ಡೊಂಬಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆಯ ಉಸ್ತುವಾರಿ ನೋಡಿಕೊಂಡಿದ್ದವರು. ಬೆಳಗಿನ ಇಡ್ಲಿ ಬೇಯುವ ಮೊದಲು ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿ, ತೀರ್ಥ ತೆಗೆದುಕೊಂಡೇ ಮನೆ ಬಿಡುತ್ತಿದ್ದರು. ನಿವೃತ್ತಿಯ ನಂತರ ಸೊಂಟದ ಮೂಳೆ ಮುರಿಯಿತು, ಕೈ ನಡುಗತೊಡಗಿತು. ಒಮ್ಮೆ ಸಾಲಿಗ್ರಾಮ ಕೈತಪ್ಪಿ ನೆಲಕ್ಕೆ ಬಿತ್ತು. ಅಂದಿನಿಂದ ಅವರು ಅದನ್ನು ಮುಟ್ಟಲಿಲ್ಲ. ಪೂಜೆ ಮಗನ ಪಾಲಿಗೆ ಬಂತು. ಆದರೆ ತೀರ್ಥವಾಗದೆ ಒಂದು ತುತ್ತೂ ತಿನ್ನುವುದಿಲ್ಲವೆಂಬ ನಿಯಮವನ್ನು ಬಿಡಲಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಆರಂಭವಾದ ಮೇಲೂ ಬಿಡಲಿಲ್ಲ.

ಪತಿಗೆ ಅದೇ ಕಾಲದಲ್ಲಿ ಧ್ಯಾನದ ಆಸಕ್ತಿ ಹುಟ್ಟಿತು. ಸೀವುಡ್ಸ್‌ನ ಒಬ್ಬ ಗುರುಗಳ ತರಗತಿಗೆ ಹೋಗತೊಡಗಿದರು. ಹೂವು, ನೀರು, ಗಂಟೆ ಇವೆಲ್ಲ ಆರಂಭದವರಿಗೆ, ಮನಸ್ಸು ನಿಲ್ಲಲು ಕಲಿತವನಿಗೆ ಅಗತ್ಯವಿಲ್ಲ ಎಂದು ಅಲ್ಲಿ ಕೇಳಿ ಬಂದರು.

"ಅಪ್ಪ, ಪೂಜೆ ಅಂದ್ರೆ ಎಲ್‌ಕೆಜಿ. ಧ್ಯಾನ ಅಂದ್ರೆ ಕಾಲೇಜು," ಎಂದರು ಒಂದು ದಿನ.

"ಎಲ್‌ಕೆಜಿ ಪಾಸಾಗದವನಿಗೆ ಕಾಲೇಜಲ್ಲಿ ಯಾರು ಮಾರಾಯ ಸೀಟು ಕೊಟ್ಟದ್ದು?" ಎಂದರು ಮಾವ.

ಕೊನೆಗೆ ಒಪ್ಪಂದವಾಯಿತು. ವಾರದ ದಿನಗಳಲ್ಲಿ ಆಫೀಸಿಗೆ ಹೊರಡುವ ಮುನ್ನ ಹತ್ತು ನಿಮಿಷದ ಪೂಜೆ. ಭಾನುವಾರ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಎಂಟು ಗಂಟೆಯವರೆಗೆ ಧ್ಯಾನ, ಅದಾದ ಕೂಡಲೇ ಪೂಜೆ.

ಈ ಒಪ್ಪಂದದಲ್ಲಿ ನನ್ನ ಸಹಿಯನ್ನು ಯಾರೂ ಕೇಳಿರಲಿಲ್ಲ. ತುಳಸಿ ಕೊಯ್ಯುವುದು, ಗಂಧ ತೇಯುವುದು, ಹುಣಸೆಹುಳಿ ಹಾಕಿ ತಾಮ್ರದ ಪಾತ್ರೆ ತಿಕ್ಕುವುದು, ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿ ಹರವುವುದು, ನೈವೇದ್ಯದ ಅನ್ನ ಮಾಡುವುದು ನನ್ನ ಕೆಲಸ. ಇಷ್ಟು ಮಾಡಿದ ಮೇಲೆ ನಾನು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಹೆಂಗಸರು ಸಾಲಿಗ್ರಾಮ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಧ್ಯಾನಕ್ಕೂ ತಯಾರಿ ನನ್ನದೇ. ಬೆಲ್ಲಿನ ಸ್ವಿಚ್ ಆರಿಸಬೇಕು, ಮಿಕ್ಸರ್ ಹಾಕಬಾರದು. ಪೂಜೆಗೆ ಗಂಟೆ ಬಾರಿಸಲೇಬೇಕು, ಧ್ಯಾನಕ್ಕೆ ಕುಕ್ಕರ್ ಸೀಟಿ ಕೂಡ ಹೊಡೆಯಬಾರದು. ಒಂದೇ ಮನೆಯಲ್ಲಿ ಇವೆರಡನ್ನೂ ಸಂಭಾಳಿಸಿದವರಿಗೆ ನನ್ನ ತಲೆನೋವು ಅರ್ಥವಾದೀತು.

ಆ ಭಾನುವಾರ ಮಾವ ವಾಡಿಕೆಯಂತೆ ಎಂಟಕ್ಕೆ ಹತ್ತು ನಿಮಿಷವಿರುವಾಗ ಇಂಜೆಕ್ಷನ್ ತೆಗೆದುಕೊಂಡರು. ಅದಾದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಎಂಟು ಗಂಟೆಯಾಯಿತು, ಬಾಗಿಲು ತೆರೆಯಲಿಲ್ಲ. ಎಂಟೂಕಾಲಾಯಿತು. ಧ್ಯಾನದ ಅವಧಿಯನ್ನು ಒಂದು ಗಂಟೆ ಹೆಚ್ಚಿಸಬೇಕೆಂದು ಗುರುಗಳು ಹಿಂದಿನ ದಿನ ಹೇಳಿದ್ದರಂತೆ, ನಮಗೆ ತಿಳಿಸಿರಲಿಲ್ಲ.

ಎಂಟೂವರೆಗೆ ಮಾವನ ಮೇಲ್ತುಟಿಯಲ್ಲಿ ಬೆವರು ಕಂಡಿತು. ಮಾತು ತೊದಲಿತು. ನಾನು ಇಡ್ಲಿ ತಂದೆ.

"ಮಾವ, ಒಂದು ತುಂಡು ತಿನ್ನಿ."

"ತೀರ್ಥ ಆಗ್ಲಿಲ್ಲಲ್ಲ."

"ಸಕ್ಕರೆಯಾದ್ರೂ ಬಾಯಿಗೆ ಹಾಕಿಕೊಳ್ಳಿ. ಇಂಜೆಕ್ಷನ್ ಆಗಿದೆ ನಿಮಗೆ."

"ಬೇಡ ಅಂದೆ ಅಲ್ವಾ ಮಾರಾಯ್ತಿ," ಎಂದು ತುಟಿ ಬಿಗಿದರು.

ನಾನು ಬೆಡ್‌ರೂಮಿನ ಬಾಗಿಲು ತಟ್ಟಿದೆ. ಮೊದಲು ಮೆಲ್ಲಗೆ, ಆಮೇಲೆ ಅಂಗೈಯಿಂದ. "ಸ್ವಲ್ಪ ಬಾಗಿಲು ತೆಗೀರಿ, ಮಾವನಿಗೆ ಹುಷಾರಿಲ್ಲ!" ಒಳಗಿನಿಂದ ದೀರ್ಘವಾದ ಉಸಿರು ಮಾತ್ರ ಕೇಳಿಸಿತು. ಮಗಳು ಸೋಫಾದ ಮೇಲಿಂದ, "ಮಮ್ಮಿ, ಛೋಡ್ ದೋ. ಪಪ್ಪಾ ಕಾ ಡೂ ನಾಟ್ ಡಿಸ್ಟರ್ಬ್ ಚಾಲೂ ಹೈ," ಎಂದು ಹಿಂದಿಯಲ್ಲಿ ಬಿಟ್ಟುಬಿಡಲು ಹೇಳಿದಳು. ಅಜ್ಜನ ಮುಖ ನೋಡಿದ ಮೇಲೆ ಅವಳೂ ಬಂದು ಬಾಗಿಲು ಗುದ್ದಿದಳು.

ಇನ್ನು ಕಾಯುವಂತಿರಲಿಲ್ಲ. ನಾನು ಕೈಕಾಲು ತೊಳೆದು ದೇವರ ಪೆಟ್ಟಿಗೆ ತೆರೆದೆ. ಸಾಲಿಗ್ರಾಮವನ್ನು ತಟ್ಟೆಯಲ್ಲಿಟ್ಟು ನೀರು ಎರೆದೆ, ತುಳಸಿ ಹಾಕಿದೆ. ಎಷ್ಟೋ ವರ್ಷ ಹಿಂದೆ ನಿಂತು ಕೇಳಿದ್ದರಿಂದ ಮಂತ್ರ ಬಾಯಿಗೆ ತಾನಾಗಿ ಬಂತು. ಮಾವ ಕುರ್ಚಿಯಿಂದ ನೋಡುತ್ತಿದ್ದರು. "ಏ... ಏ..." ಎಂದರು, ಮುಂದೆ ಮಾತು ಹೊರಡಲಿಲ್ಲ. ನಾನು ಉದ್ಧರಣೆಯಲ್ಲಿ ತೀರ್ಥ ಹಿಡಿದು ಎದುರು ನಿಂತೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಂತರ ಬಲಗೈ ಚಾಚಿದರು. ಮೂರು ಸಲ ಕುಡಿದರು. ನಾನು ಕೂಡಲೇ ಸಕ್ಕರೆ ಕೊಟ್ಟೆ, ಆಮೇಲೆ ಇಡ್ಲಿ. ಸುಮಾರು ಕಾಲು ಗಂಟೆಯಲ್ಲಿ ಬೆವರು ಆರಿತು.

ಈ ಸಂಗತಿ ಕೇಳಿದ ಕೆಲವರು, ಆ ಹೊತ್ತಿನಲ್ಲಿ ನನ್ನ ಪೂಜೆಯೂ ಧ್ಯಾನವೂ ಒಂದಾಗಿರಬೇಕು ಎಂದು ಹೇಳಿದ್ದುಂಟು. ಹಾಗೇನೂ ಆಗಿರಲಿಲ್ಲವೆಂದು ತಿಳಿಸಲು ಇಚ್ಛಿಸುತ್ತೇನೆ. ನನ್ನ ಮನಸ್ಸು ದೇವರ ಮೇಲೂ ಇರಲಿಲ್ಲ, ಉಸಿರಿನ ಮೇಲೂ ಇರಲಿಲ್ಲ. ಮಾವನ ತುಟಿಯ ಮೇಲಿದ್ದ ಬೆವರಿನ ಮೇಲಿತ್ತು.

ಒಂಬತ್ತು ಗಂಟೆಗೆ ಪತಿ ಪ್ರಸನ್ನ ಮುಖದಿಂದ ಹೊರಬಂದರು. ಬಾಗಿಲು ತಟ್ಟಿದ್ದು ಕೇಳಿಸಲಿಲ್ಲವೇ ಎಂದು ವಿಚಾರಿಸಿದೆ.

"ಕೇಳಿಸ್ತು. ಯಾವ ಶಬ್ದ ಬಂದ್ರೂ ಬರೀ ಶಬ್ದ ಅಂತ ನೋಡಿ ಬಿಟ್ಟುಬಿಡಬೇಕು ಅಂದಿದ್ದಾರೆ. ಬಿಟ್ಟೆ."

ನಡೆದದ್ದನ್ನು ಹೇಳಿದಾಗ ಅವರ ಮುಖ ಬಿಳಿಚಿತು ನಿಜ. ಆದರೆ ಮಾವ ಮಧ್ಯೆ ಬಾಯಿ ಹಾಕಿದರು. "ಅದಿರ್ಲಿ. ಇವಳು ಸಾಲಿಗ್ರಾಮ ಮುಟ್ಟಿದ್ದಾಳೆ. ಪಂಚಗವ್ಯ ಹಾಕಿ ಶುದ್ಧಿ ಆಗ್ಬೇಕು." ಪೂಜೆಯನ್ನು ಎಲ್‌ಕೆಜಿ ಎಂದಿದ್ದ ಪತಿ, "ಆಯ್ತಪ್ಪ," ಎಂದರು. ನಂತರ ನನ್ನ ಕಡೆ ತಿರುಗಿ, "ನಿನ್ನ ಆಫೀಸಿನ ಹತ್ರ ಘಣಸೋಲಿ ಹಳ್ಳಿಯಲ್ಲಿ ದನ ಉಂಟಲ್ಲ?" ಎಂದರು.

ಮರುದಿನ ಆಫೀಸು ಬಿಟ್ಟ ಮೇಲೆ ನಾನು ಘಣಸೋಲಿಯ ಹಳೇ ಊರಿನ ಕೊಟ್ಟಿಗೆಗೆ ಹೋದೆ. ಸೆಗಣಿ ಮತ್ತು ಗೋಮೂತ್ರ ಕೊಡುತ್ತಾ ಅಲ್ಲಿನ ಹೆಂಗಸು, "ಕಾಯ್ ತಾಯಿ, ಘರೀ ಪೂಜಾ ಆಹೇ ಕಾ?" ಎಂದು ಕೇಳಿದಳು. ಮನೆಯಲ್ಲಿ ಪೂಜೆ ಇದೆ, ಹೌದು ಎಂದೆ. ನನ್ನ ಕೈ ತಾಗಿದ್ದನ್ನು ತೊಳೆಯಲು ಬೇಕಾದ ಸಾಮಗ್ರಿಯನ್ನು ಟಿಫಿನ್ ಚೀಲದಲ್ಲಿಟ್ಟುಕೊಂಡು, ತುಂಬಿದ ಬಸ್ಸಿನಲ್ಲಿ ಯಾರಿಗೂ ತಾಗದಂತೆ ಎದೆಗೆ ಹಿಡಿದು ತಂದೆ. ಅದೇ ಕೈ ಕೊಟ್ಟ ಇಡ್ಲಿಯನ್ನು ಮಾವ ತಿಂದಿದ್ದರು. ಅದಕ್ಕೆ ಶುದ್ಧಿ ಬೇಕಿರಲಿಲ್ಲ.

ಶುದ್ಧಿಯಾದ ಸಂಜೆ ನಾನು ಒಂದು ಕೆಲಸ ಮಾಡಿದೆ. ಇನ್ಸುಲಿನ್ ಪೆನ್ ಮತ್ತು ಸೂಜಿಗಳ ಡಬ್ಬಿಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಪೂಜೆ ಮುಗಿದು ತೀರ್ಥವಾಗಿ, ಇಡ್ಲಿ ತಟ್ಟೆ ಎದುರಿಗೆ ಬರುವವರೆಗೆ ಇಂಜೆಕ್ಷನ್ ಕೊಡಲಾಗುವುದಿಲ್ಲವೆಂದು ಇಬ್ಬರಿಗೂ ತಿಳಿಸಿದೆ. ಇಂಜೆಕ್ಷನ್ ಹೆಚ್ಚು ತಡವಾಗುವಂತಿಲ್ಲವೆಂದು ಡಾಕ್ಟರು ಹೇಳಿದ್ದನ್ನೂ ತಿಳಿಸಿದೆ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು.

ಮುಂದಿನ ಭಾನುವಾರ ಎಂಟು ಗಂಟೆಯಾಗುತ್ತಿದ್ದಂತೆ ಮಾವ ವಾಕರ್ ಹಿಡಿದು ಎದ್ದರು. ಬೆಡ್‌ರೂಮಿನ ಬಾಗಿಲಿಗೆ ಒಂದೇ ಏಟು ಹಾಕಿದರು. "ಏಳಾ! ಇವಳು ಸೂಜಿ ಕೊಡುದಿಲ್ಲ ಅಂತಾಳೆ!"

ಬಾಗಿಲು ಕೂಡಲೇ ತೆರೆಯಿತು. ಆ ಏಟು ಯಾಕೆ ಬರೀ ಶಬ್ದವಾಗಲಿಲ್ಲವೆಂದು ನಾನು ಕೇಳಲಿಲ್ಲ. ಒಲೆ ಉರಿಯುತ್ತಿತ್ತು, ಗಂಧ ತೇಯುವುದು ಬಾಕಿಯಿತ್ತು. ಮಾವ ಇರುವವರೆಗೆ ಪ್ರತಿ ಭಾನುವಾರವೂ ಹಾಗೆಯೇ ನಡೆಯಿತು, ಇಡ್ಲಿ ಒಂದು ದಿನವೂ ತಪ್ಪಲಿಲ್ಲ. ಆ ಬಾಗಿಲನ್ನು ನಾನು ಮತ್ತೆಂದೂ ತಟ್ಟಲಿಲ್ಲ.

ಇದು ನನ್ನ ಮೊದಲ ಬರಹ. ಅಕ್ಷರದಲ್ಲಾಗಲಿ, ಪೂಜೆಯ ಕ್ರಮವನ್ನೋ ಧ್ಯಾನದ ಮಾತನ್ನೋ ಬರೆದಲ್ಲಾಗಲಿ ತಪ್ಪು ಕಂಡರೆ, ಬಲ್ಲವರು ತಿದ್ದಿಕೊಡಬೇಕೆಂದು ಕೋರುತ್ತೇನೆ.