ಮರಳನ್ನೂ ನಂಬದ ಅನುಮಾನದಕ್ಕ

ಬೆಳಗಿನ ಜಾವ ಐದೂಕಾಲು. ಈಜುಕೊಳದ ಹಿಂದಿನ ಪಂಪ್ ಕೋಣೆಯಲ್ಲಿ ಆಕೆ ಎದೆಮಟ್ಟದ ಮರಳಿನ ಟ್ಯಾಂಕಿಗೆ ಕಿವಿಗೊಟ್ಟು ನಿಂತಿದ್ದಾರೆ. ಒಳಗೆ ನೀರು ಹರಿಯುವ ಸದ್ದು ಒಂದೇ ಸಮ. ಅಷ್ಟಕ್ಕೆ ಸಮಾಧಾನವಿಲ್ಲ. ಒತ್ತಡದ ಮೀಟರಿಗೆ ಬೆರಳಿನಿಂದ ಟಕಟಕ ಬಡಿಯುತ್ತಾರೆ. ಮುಳ್ಳು ನಡುಗಿ ಹದಿನಾಲ್ಕಕ್ಕೆ ನಿಲ್ಲುತ್ತದೆ.

"ಇವತ್ತು ನಿಜ ಹೇಳ್ತಿರೋ ಹಾಗಿದೆ," ಎನ್ನುತ್ತಾರೆ, ಮೀಟರಿನ ಮೇಲಿನ ಕಣ್ಣು ಕೀಳದೆ.

ಐವತ್ತನಾಲ್ಕರ ಈ ಹೆಂಗಸನ್ನು ಎದುರಿಗೆ ಎಲ್ಲರೂ 'ಅಕ್ಕಾ' ಎನ್ನುತ್ತಾರೆ, ಬೆನ್ನ ಹಿಂದೆ 'ಅನುಮಾನದಕ್ಕ'. ಎರಡೂ ಆಕೆಗೆ ಗೊತ್ತು. ಹತ್ತೊಂಬತ್ತು ವರ್ಷ ಆಸ್ಪತ್ರೆಯೊಂದರ ಬಟ್ಟೆ ಒಗೆದವರು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ನಾನದನ್ನ ಕಲ್ತಿದ್ದು ಬೆಡ್‌ಶೀಟಲ್ಲಿ. ನೋಡೋಕೆ ಬಿಳಿ, ಮೂಸಿದ್ರೆ ರೋಗ." ಆ ಕೆಲಸ ನಿಂತುಹೋದ ಮೇಲೆ ಇಲ್ಲಿಗೆ ಬಂದು ಏಳು ವರ್ಷ. ಕ್ಲೋರಿನ್‌ಗೆ ಬೆರಳ ತುದಿಗಳು ಬಿರಿದಿವೆ. ಮನೆಯಲ್ಲೂ ಸ್ವಭಾವ ಅದೇ. "ಸೊಪ್ಪು ನಾನು ತೊಳೆದಿಟ್ರೆ ಇವಳು ಇನ್ನೊಂದ್ಸಲ ತೊಳೀತಾಳೆ," ಎಂದು ಗಂಡ ನಗುತ್ತಾರೆ.

ದಿನಕ್ಕೆ ಇನ್ನೂರ ನಲವತ್ತು ಮಂದಿ ಇಳಿಯುವ ಕೊಳವಿದು. ಅವರ ಬೆವರು, ಎಣ್ಣೆ, ಕೂದಲು ಎಲ್ಲವನ್ನೂ ಹಿಡಿದಿಡುವುದು ಈ ಮರಳು. ಕೊಳೆ ತುಂಬಿದಂತೆ ಒತ್ತಡ ಹೆಚ್ಚಿ ಮುಳ್ಳು ಏರಬೇಕು. ಇಪ್ಪತ್ತು ಮುಟ್ಟಿದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯಬೇಕು. ವಾರಕ್ಕೆರಡು ಬಾರಿ ಬರುವ ಕೆಲಸ.

ಮೂರು ತಿಂಗಳ ಹಿಂದೆ ಮುಳ್ಳು ಏರುವುದನ್ನೇ ಬಿಟ್ಟಿತು. ಹನ್ನೊಂದು ದಿನ ಹದಿಮೂರರಲ್ಲೇ ಕೂತಿತ್ತು. ಕೆಲಸ ಕಡಿಮೆಯಾಯಿತೆಂದು ಬೇರೆಯವರಾದರೆ ಖುಷಿಪಡುತ್ತಿದ್ದರು. ಆಕೆಗೆ ಊಟ ಸೇರಲಿಲ್ಲ. ಮೀಟರ್ ಕೆಟ್ಟಿರಬೇಕೆಂದು ಬೇರೆಯದು ಹಾಕಿದರು, ಅದೂ ಹದಿಮೂರೇ. ಪಂಪಿನ ಜಾಲರಿ ಬುಟ್ಟಿ ಬಿಚ್ಚಿದರು, ಅಲ್ಲೂ ಕಸವಿಲ್ಲ. "ಇನ್ನೂರು ಜನ ಮೈ ತೊಳ್ಕೊಂಡ ಕೊಳೆ ಎಲ್ಲಿಗೆ ಹೋಗ್ತಿದೆ ಹಾಗಾದ್ರೆ?"

ಟ್ಯಾಂಕ್ ತೆರೆಯಲು ಎರಡು ದಿನ ಕೊಳ ಮುಚ್ಚಬೇಕೆಂದಾಗ ಮ್ಯಾನೇಜರ್ ಆಕೆಯನ್ನೇ ಅನುಮಾನಿಸಿದರು. ಮುಂದಿನ ವಾರವೇ ಮಕ್ಕಳ ಸ್ಪರ್ಧೆ ಬೇರೆ. "ರಜೆ ಬೇಕಿದ್ರೆ ರಜೆ ಕೇಳಿ ಅಕ್ಕಾ. ನೀರು ಕನ್ನಡಿ ಹಾಗಿದೆ. ಗುಡ್ಡ ಅಗೆದು ಇಲಿ ಹಿಡಿಯೋಕೆ ಹೊರಟಿದೀರಾ?"

ಆಕೆ ವಾದಕ್ಕಿಳಿಯಲಿಲ್ಲ. ಮರುದಿನ ಐದಕ್ಕೇ ಬಂದು, ಫಿಲ್ಟರಿನಿಂದ ಕೊಳಕ್ಕೆ ನೀರು ಮರಳುವ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದರು. ಸೋಸಿ ಬಂದ ನೀರಾದರೆ ಬಟ್ಟೆ ಬೆಳ್ಳಗೇ ಉಳಿಯಬೇಕು. ಗಂಟೆ ಬಿಟ್ಟು ಬಿಚ್ಚಿದಾಗ ಅದು ಬೂದುಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. ಹಾಗೇ ತಂದು ಮ್ಯಾನೇಜರ್ ಮೇಜಿನ ಮೇಲೆ ಹರವಿದರು.

"ಮೂಸಿ ನೋಡಿ ಸಾರ್."

ಅವರು ಮೂಸಿದರು. ಎದ್ದು ಹೋಗಿ ಗೇಟಿಗೆ ತಾವೇ ಬೀಗ ಹಾಕಿದರು.

ಮುಚ್ಚಳ ತೆಗೆದಾಗ ಮೇಲಿನ ಮರಳು ಎಣ್ಣೆ, ಕೂದಲು ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಟ್ಯಾಂಕಿನ ಅಂಚಿಗೆ ಹೊಂದಿ ಮರಳಿನಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ನೀರು ಮರಳಿಗೆ ತಾಕದೆ ಅದರಲ್ಲೇ ನುಸುಳಿ, ಹೋದ ಹಾಗೇ ಹಿಂದಿರುಗುತ್ತಿತ್ತು. ಮ್ಯಾನೇಜರ್ ಬಗ್ಗಿ ನೋಡಿದರು.

"ಇಲಿ ಇರ್ಲಿಲ್ಲ ಸಾರ್," ಎಂದರಂತೆ ಆಕೆ. "ಬಿಲ ಮಾತ್ರ ಇತ್ತು."

ಎರಡು ದಿನ ಮಗ್ಗಿನಲ್ಲಿ ಮೊಗೆಮೊಗೆದು ಹಳೆಯ ಮರಳು ತೆಗೆದರು. ತಳದ ಕೊಳವೆಗಳು ಒಡೆಯದಿರಲೆಂದು ಅರ್ಧ ಟ್ಯಾಂಕ್ ನೀರು ತುಂಬಿಸಿ, ಹೊಸ ಮರಳಿನ ಇಪ್ಪತ್ತು ಚೀಲ ಮೆಲ್ಲಗೆ ಸುರಿದರು. ಪ್ರತಿ ಚೀಲದಿಂದಲೂ ಒಂದು ಹಿಡಿ ಬಾಟಲಿಯ ನೀರಿಗೆ ಹಾಕಿ ಕುಲುಕಿ ನೋಡಿದ ಮೇಲೆಯೇ. ಎರಡು ಚೀಲ ಮಣ್ಣು ಬಿಟ್ಟವು, ವಾಪಸು ಕಳಿಸಿದರು. ಸ್ಪರ್ಧೆ ಹೇಳಿದ ದಿನವೇ ನಡೆಯಿತು. ವೇದಿಕೆಯಲ್ಲಿ ಕೋಚ್‌ಗೆ ಹಾರ ಬಿತ್ತು. ಆಕೆ ಪಂಪ್ ಕೋಣೆಯಲ್ಲಿದ್ದರು.

ಬೇಕಾದುದೇನೆಂದು ಕೇಳಿದರೆ, ಮರಳು ತೊಳೆದ ನೀರು ತಿಳಿಯಾಯಿತೇ ಎಂದು ನೋಡುವ ಪೈಪಿನ ಗಾಜು ಮಬ್ಬಾಗಿದೆ, ಬದಲಿಸಿಕೊಟ್ಟರೆ ಸಾಕು ಎನ್ನುತ್ತಾರೆ.

ಆರು ಗಂಟೆ. ಗೇಟು ತೆರೆಯುತ್ತದೆ. ಮೊದಲು ಓಡಿ ಬರುವ ಆರು ವರ್ಷದ ಹುಡುಗಿ ಆಕೆಯ ಮಗಳ ಮಗಳು. ವರ್ಷದಿಂದ ಈಜು ಕಲಿಯುತ್ತೇನೆಂದು ಹಟ ಹಿಡಿದಿದ್ದವಳನ್ನು ಅಜ್ಜಿ ಕೊಳಕ್ಕೆ ಬಿಟ್ಟಿದ್ದು ಹೊಸ ಮರಳು ಬಿದ್ದ ಮೇಲೆಯೇ.

ಅಂತೂ ಈ ನೀರನ್ನು ನಂಬಿದಿರಲ್ಲ ಎಂದರೆ ಆಕೆ ಮೊಮ್ಮಗಳ ಕಡೆಗೊಮ್ಮೆ ನೋಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಇವತ್ತಿನ ಮಟ್ಟಿಗೆ."